ಕೇರ್ ಪ್ಲಾನ್ ಕೆಳಗಿನ ಸಹಿ ನೋಡಿ ಮೋಸ ಹೋಗಬೇಡಿ

ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇರುವವರನ್ನು ನರ್ಸಿಂಗ್ ಹೋಮ್‌ನಲ್ಲಿ ಬಿಟ್ಟಿರುವವರು ದಯವಿಟ್ಟು ಇದನ್ನು ಓದಿ. ಅಮ್ಮನನ್ನು ಹೇಗೆ ನೋಡಿಕೊಳ್ಳಬೇಕು ಅಂತ ಅಲ್ಲಿನವರು ಬರೆದಿಡುವ ಕೇರ್ ಪ್ಲಾನ್ ಕೆಳಗೆ ಮೂರು ತಿಂಗಳಿಗೊಮ್ಮೆ ಹೊಸ ತಾರೀಖು, ಸಹಿ, ‘ಪರಿಶೀಲಿಸಲಾಗಿದೆ, ಬದಲಾವಣೆ ಇಲ್ಲ’. ಅಷ್ಟು ನೋಡಿ ನೆಮ್ಮದಿಯಾಗಿದ್ದೆವು. ದಡ್ಡರು ನಾವು.

ಒಳಗಿನ ಪುಟ ಓದಿದಾಗ ಮೈ ಉರಿದುಹೋಯಿತು. ‘ವಾಕರ್ ಹಿಡಿದು ತಾವೇ ನಡೆಯುತ್ತಾರೆ. ಮಾಮೂಲಿ ಊಟ.’ ಅಮ್ಮ ಗಾಲಿಕುರ್ಚಿಗೆ ಬಂದು ಐದು ತಿಂಗಳಾಗಿದೆ! ನೀರು ಕುಡಿದರೆ ಕೆಮ್ಮು. ನೀರು, ಚಹಾ ಎಲ್ಲ ಮಂದ ಮಾಡಿಯೇ ಕೊಡಬೇಕು, ನೆಟ್ಟಗೆ ಕೂರಿಸಿಯೇ ಕುಡಿಸಬೇಕು ಅಂತ ಥೆರಪಿಸ್ಟ್ ಬರೆದ ಹಾಳೆ ಬೇರೆ ಫೈಲಿನಲ್ಲಿ ಬಿದ್ದಿತ್ತು. ಅಡುಗೆಮನೆಗೂ ಹೋಗಿಲ್ಲ, ರಾತ್ರಿ ಪಾಳಿಗೂ ಹೋಗಿಲ್ಲ. ಹೊಸ ಆಯಾ ಪ್ಲಾನ್ ನಂಬಿ ಲೋಟದಲ್ಲಿ ನೀರು ಕೊಟ್ಟರೆ, ಅದು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆದರೆ, ಆಯಾಳನ್ನು ಬೈಯೋದಾ?

ಕೇಳಿದ್ದಕ್ಕೆ ಬಂದ ಉತ್ತರಗಳು ನೋಡಿ. ‘ನಮ್ಮ ಸ್ಟಾಫಿಗೆಲ್ಲ ಗೊತ್ತಿದೆ ಮೇಡಂ.’ ಗೊತ್ತಿದ್ದವರು ರಜೆ ಹಾಕಿದ ದಿನ? ‘ಕಂಪ್ಯೂಟರಲ್ಲಿ ಹಳೇದೇ ಕಾಪಿ ಆಗುತ್ತೆ.’ ಹಾಗಾದರೆ ಸಹಿ ಯಾಕೆ ಹಾಕಿದಿರಿ? ಕೊನೆಗೆ, ‘ಮರೆವಿನ ಕಾಯಿಲೆ ಅಲ್ವಾ, ಹೀಗೇ ಇಳೀತಾ ಹೋಗುತ್ತೆ.’

ಈ ಕೊನೆಯ ಮಾತನ್ನು ಮಾತ್ರ ನಂಬಲೇಬೇಡಿ. ಅಲ್ಜೈಮರ್ (ಡಿಮೆನ್ಷಿಯಾದ ಒಂದು ಬಗೆ) ಇಳಿಸುವುದು ತಿಂಗಳು, ವರ್ಷಗಳ ಲೆಕ್ಕದಲ್ಲಿ. ಎರಡೇ ದಿನದಲ್ಲಿ ಗೊಂದಲ ಹೆಚ್ಚಿದರೆ, ಮಂಕಾದರೆ ಅದು ಡೆಲಿರಿಯಮ್, ಅಂದರೆ ದಿಢೀರನೆ ಬರುವ ಗೊಂದಲ ಇರಬಹುದು. ಕಾರಣಗಳು: ಸೋಂಕು, ಮಲಬದ್ಧತೆ, ನೀರು ಸಾಲದಿರುವುದು, ನೋವು, ಹೊಸ ಮಾತ್ರೆ. ಅವತ್ತೇ ಡಾಕ್ಟರ್ ನೋಡಬೇಕು. ಇವರು ಬರೆದದ್ದು ‘ಗಲಾಟೆ ಮಾಡುತ್ತಾರೆ’ ಅಂತ ಒಂದೇ ಸಾಲು. ಯಾವ ಹೊತ್ತಿಗೆ, ಏನು ಮಾಡಿಸುವಾಗ, ಏನು ಮಾಡಿದರೆ ಸಮಾಧಾನ ಆಗುತ್ತಾರೆ, ಒಂದಕ್ಷರ ಇಲ್ಲ. ಆಂಟಿಸೈಕೋಟಿಕ್ (ತೀವ್ರ ಮಾನಸಿಕ ಕಾಯಿಲೆಗೆ ಕೊಡುವ) ಮಾತ್ರೆ ಮಾತ್ರ ಸೇರಿಸಿದ್ದಾರೆ! ಡಿಮೆನ್ಷಿಯಾ ಇರುವ ವಯಸ್ಸಾದವರಲ್ಲಿ ಅದು ಪಾರ್ಶ್ವವಾಯು, ಸಾವಿನ ಅಪಾಯ ಹೆಚ್ಚಿಸುತ್ತದೆ. ಯಾಕೆ ಕೊಟ್ಟರು, ಯಾವಾಗ ಕಡಿಮೆ ಮಾಡಿ ನೋಡುತ್ತಾರೆ ಅನ್ನುವುದು ಪ್ಲಾನ್‌ನಲ್ಲಿ ಇರಲೇಬೇಕು.

ತಾರೀಖು ಬಿಡಿ, ಒಳಗಿನ ಸಾಲು ಓದಿ. ನಡಿಗೆ, ನುಂಗುವುದು, ತೂಕ, ಮಾತ್ರೆ ಪಟ್ಟಿ, ಇವನ್ನು ಎದುರಿಗಿರುವ ಮನುಷ್ಯರ ಜೊತೆ ಹೋಲಿಸಿ. ಬಿದ್ದರೆ, ಆಸ್ಪತ್ರೆಯಿಂದ ವಾಪಸ್ ಬಂದರೆ, ಮಾತ್ರೆ ಬದಲಾದರೆ, ತಿಂಗಳಲ್ಲಿ ಶೇ. 5ರಷ್ಟು ತೂಕ ಇಳಿದರೆ (60 ಕಿಲೋ ಇದ್ದವರು 57) ಮೂರು ತಿಂಗಳು ಕಾಯಬೇಡಿ, ಆ ವಾರವೇ ತಿದ್ದಿಸಿ. ಹಳೆಯ ಸಾಲು ಹೊಡೆದುಹಾಕಿಸಿ. ಹೊಸದನ್ನು ಕೆಳಗೆ ಸೇರಿಸಿದರೆ ಎರಡೂ ಉಳಿದು ಇನ್ನೂ ಗೊಂದಲ. ಪ್ರತಿ ಇಸ್ಕೊಳ್ಳಿ. ಆಮೇಲೆ ರಾತ್ರಿ ಪಾಳಿಯವರನ್ನು ಒಂದೇ ಒಂದು ಪ್ರಶ್ನೆ ಕೇಳಿ: ‘ಇವರಿಗೆ ನೀರು ಹೇಗೆ ಕುಡಿಸ್ತೀರಿ?’