ನಾಲ್ಕು ವರ್ಷದಿಂದ ಬಳಸುತ್ತಿರುವ ರಿಫ್ರಾಕ್ಟೋಮೀಟರ್: ನಂಬಬಹುದು, ಆದರೆ ಒಂದು ಬಾಟಲಿ ಜೊತೆಗಿರಲಿ

ಉಪ್ಪುನೀರಿನ ಅಕ್ವೇರಿಯಂ ಶುರು ಮಾಡಿದಾಗ ನೀರಿನ ಉಪ್ಪು ಅಳೆಯಲು ನನ್ನ ಹತ್ತಿರ ಇದ್ದದ್ದು ಮುಳ್ಳಿನ ಹೈಡ್ರೋಮೀಟರ್. ಪ್ಲಾಸ್ಟಿಕ್ ಡಬ್ಬಿಗೆ ನೀರು ತುಂಬಿದರೆ ಒಳಗಿನ ಮುಳ್ಳು ಮೇಲೇಳುತ್ತದೆ, ಅದು ನಿಂತ ಕಡೆ ಅಂಕಿ ಓದಿಕೊಳ್ಳಬೇಕು. ಸಿಹಿನೀರಿಗಿಂತ ಈ ನೀರು ಎಷ್ಟು ಪಟ್ಟು ಸಾಂದ್ರ ಅನ್ನುವ ಅಂಕಿ ಅದು. ಪ್ರತಿ ವಾರ 1.025 ತೋರಿಸುತ್ತಿತ್ತು. ನಾನೂ ನೆಮ್ಮದಿಯಾಗಿದ್ದೆ. ಹವಳಗಳು ಮಾತ್ರ ಮುದುಡಿಕೊಂಡೇ ಇದ್ದವು. ಲೈಟ್ ಬದಲಾಯಿಸಿದೆ, ನೀರಿನ ಹರಿವು ಬದಲಾಯಿಸಿದೆ, ಏನೂ ಆಗಲಿಲ್ಲ. ಒಂದು ದಿನ ಮುಳ್ಳನ್ನು ಹತ್ತಿರದಿಂದ ನೋಡಿದರೆ ಅದರ ಅಡಿಗೆ ಸಾಸಿವೆಗಿಂತ ಸಣ್ಣ ಗಾಳಿಗುಳ್ಳೆಗಳು ಅಂಟಿಕೊಂಡಿದ್ದವು. ಡಬ್ಬಿಯನ್ನು ಬೆರಳಿಂದ ತಟ್ಟಿದೆ. ಗುಳ್ಳೆಗಳು ಬಿಟ್ಟುಕೊಂಡವು, ಮುಳ್ಳು 1.022ಕ್ಕೆ ಇಳಿಯಿತು. ಅಷ್ಟು ದಿನವೂ ಉಪ್ಪು ಕಡಿಮೆಯೇ ಇತ್ತು! ತುಂಬಾ ಸಂಕಟವಾಯಿತು.

ಆಮೇಲೆ ತಂದದ್ದು ಈ ರಿಫ್ರಾಕ್ಟೋಮೀಟರ್. ನೀರಲ್ಲಿ ಬೆಳಕು ಎಷ್ಟು ಬಾಗುತ್ತದೆ ಅನ್ನುವುದರಿಂದ ಇದು ಉಪ್ಪು ಅಳೆಯುತ್ತದೆ. ಗಾಜಿನ ಮೇಲೆ ಎರಡು ಮೂರು ಹನಿ ಬಿಟ್ಟು, ಗುಳ್ಳೆ ಉಳಿಯದ ಹಾಗೆ ಮುಚ್ಚಳ ಇಳಿಸಿ, ಅರ್ಧ ನಿಮಿಷ ಬಿಡಬೇಕು. ಹನಿಯ ಬಿಸಿಯೂ ಗಾಜಿನ ಬಿಸಿಯೂ ಒಂದಾಗಲಿ ಅಂತ. ಬೆಳಕಿನ ಕಡೆ ಹಿಡಿದು ಕಣ್ಣಿಟ್ಟರೆ ಮೇಲೆ ನೀಲಿ, ಕೆಳಗೆ ಬಿಳಿ. ಎರಡೂ ಸೇರುವ ಗೆರೆ 35 ಪಿಪಿಟಿ (ಸಾವಿರ ಭಾಗದಲ್ಲಿ 35 ಭಾಗ ಉಪ್ಪು) ಹತ್ತಿರ ಇದ್ದರೆ ಸರಿ. ಸಮುದ್ರದ ನೀರು ಸುಮಾರಾಗಿ ಅಷ್ಟೇ ಇರುತ್ತದೆ, ಹೈಡ್ರೋಮೀಟರ್ ಲೆಕ್ಕದಲ್ಲಿ 1.026.

ಆದರೆ ಇದರಲ್ಲೂ ಒಂದು ಬಲೆ ಇದೆ. ಜೊತೆಗೆ ಬಂದ ಚೀಟಿಯಲ್ಲಿ ಶುದ್ಧ ನೀರು ಹಾಕಿ ಸೊನ್ನೆಗೆ ಹೊಂದಿಸಿ ಅಂತ ಇತ್ತು. ಹಾಗೇ ಮಾಡಿದೆ. ಆಮೇಲೆ 35 ಪಿಪಿಟಿಯ ಕ್ಯಾಲಿಬ್ರೇಷನ್ ದ್ರಾವಣ (ಸಾಧನ ಹೊಂದಿಸಲೆಂದೇ ಮಾಡಿದ, ಅಳತೆ ಗೊತ್ತಿರುವ ಉಪ್ಪುನೀರು) ತಂದು ಬಿಟ್ಟು ನೋಡಿದರೆ ಗೆರೆ 36 ದಾಟಿ ನಿಂತಿತು. ಸಾಧನ ಕೆಟ್ಟಿರಲಿಲ್ಲ. ಇಂಥ ಬಹಳಷ್ಟು ರಿಫ್ರಾಕ್ಟೋಮೀಟರ್‌ಗಳ ಅಳತೆಪಟ್ಟಿ ಬರೀ ಸೋಡಿಯಂ ಕ್ಲೋರೈಡ್ ಕರಗಿಸಿದ ನೀರಿಗೆ ಮಾಡಿದ್ದು. ಸಮುದ್ರದ ನೀರಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಸಲ್ಫೇಟ್ ಎಲ್ಲ ಇರುತ್ತವೆ, ಬೆಳಕು ಬಾಗುವುದರಲ್ಲಿ ಸ್ವಲ್ಪ ವ್ಯತ್ಯಾಸ ಬರುತ್ತದೆ. ಸೊನ್ನೆಯಲ್ಲಿ ಸರಿ ಇದ್ದರೂ 35ರ ಹತ್ತಿರ ಒಂದೂವರೆ ಪಿಪಿಟಿ ತಪ್ಪು. ನಮಗೆ ಬೇಕಾದದ್ದು 35ರ ಹತ್ತಿರದ ಅಳತೆ ಅಲ್ವಾ? ಹಾಗಾಗಿ ಅಲ್ಲೇ ಹೊಂದಿಸಬೇಕು. ಅಂದಿನಿಂದ ತಿಂಗಳಿಗೊಮ್ಮೆ ಆ ದ್ರಾವಣದಲ್ಲೇ ಸ್ಕ್ರೂ ತಿರುಗಿಸಿ ಸರಿ ಮಾಡುತ್ತೇನೆ. ನಿಖರವಾದ ತಕ್ಕಡಿ ಇದ್ದರೆ ದ್ರಾವಣವನ್ನು ಮನೆಯಲ್ಲೇ ಮಾಡಬಹುದು: ಶುದ್ಧ ಸೋಡಿಯಂ ಕ್ಲೋರೈಡ್ 36.5 ಗ್ರಾಂ, ಆರ್‌ಓ ನೀರು 963.5 ಗ್ರಾಂ. ಇದರಲ್ಲಿ ಬೆಳಕು 35 ಪಿಪಿಟಿಯ ಸಮುದ್ರದ ನೀರಲ್ಲಿ ಬಾಗಿದಷ್ಟೇ ಬಾಗುತ್ತದೆ. ಇದು ರಿಫ್ರಾಕ್ಟೋಮೀಟರ್‌ಗೆ ಮಾತ್ರ. ವಿದ್ಯುತ್ ವಾಹಕತೆ ಅಳೆಯುವ ಮೀಟರ್‌ಗೆ ಇದು ಆಗುವುದಿಲ್ಲ.

ಎರಡನೇ ವರ್ಷ ಒಂದು ತಪ್ಪು ಮಾಡಿದೆ. ಬಾಟಲಿಯ ಮುಚ್ಚಳ ಸಡಿಲ ಬಿಟ್ಟಿದ್ದೆ. ನೀರು ಆವಿಯಾಗಿ ದ್ರಾವಣ ಗಟ್ಟಿಯಾಗಿತ್ತು. ಅದನ್ನೇ 35 ಅಂತ ನಂಬಿ ಹೊಂದಿಸಿದೆ. ಸರಿಯಾಗಿದ್ದ ಟ್ಯಾಂಕ್ 33 ತೋರಿಸಿತು, ಇನ್ನೇನು ಉಪ್ಪು ಹಾಕಬೇಕು ಅನ್ನುವಷ್ಟರಲ್ಲಿ ಯಾಕೋ ಅನುಮಾನ ಬಂತು. ಹೊಸ ಬಾಟಲಿ ತೆರೆದು ನೋಡಿದ್ದರಿಂದ ಮೀನುಗಳು ಬಚಾವಾದವು. ಈಗ ತೆರೆದ ದಿನಾಂಕವನ್ನು ಬಾಟಲಿ ಮೇಲೇ ಬರೆಯುತ್ತೇನೆ.

ಸ್ನೇಹಿತರ ಡಿಜಿಟಲ್ ಪೆನ್ ಮೀಟರನ್ನೂ ಆರು ತಿಂಗಳು ಬಳಸಿದೆ. ಕಣ್ಣಿಗೆ ಶ್ರಮವಿಲ್ಲ, ಅಂಕಿ ನೇರವಾಗಿ ಬರುತ್ತದೆ. ಆದರೆ ಅದು ಅಳೆಯುವುದು ವಾಹಕತೆ. ಒಂದು ಡಿಗ್ರಿ ಬಿಸಿ ಏರಿದರೆ ವಾಹಕತೆ ಸುಮಾರು 2% ಏರುತ್ತದೆ, ಹಾಗಾಗಿ ತುದಿ ನೀರಿನ ಬಿಸಿಗೆ ಹೊಂದಿಕೊಳ್ಳುವ ತನಕ ಕಾಯಲೇಬೇಕು. ತುದಿಯ ಸಂದಿಯಲ್ಲಿ ಗುಳ್ಳೆ ಸಿಕ್ಕಿಕೊಂಡರೆ ಅಂಕಿ ಕಡಿಮೆ ಬರುತ್ತದೆ. ಅಲ್ಲಾಡಿಸಿ ಬಿಡಿಸಬೇಕು. ಕಣ್ಣು ಮಂಜಾದವರಿಗೆ ಅದೇ ಒಳ್ಳೆಯದು. ನನಗೆ ಬ್ಯಾಟರಿ ಬೇಡದ ರಿಫ್ರಾಕ್ಟೋಮೀಟರೇ ಇಷ್ಟ.

ಅಳತೆ ತಪ್ಪಿದ್ದು ಗೊತ್ತಾದಾಗ ದಯವಿಟ್ಟು ಗಾಬರಿಯಲ್ಲಿ ಒಮ್ಮೆಲೇ ಉಪ್ಪು ಸುರಿಯಬೇಡಿ. ಹೈಡ್ರೋಮೀಟರ್ ತಪ್ಪು ತೋರಿಸಿದ್ದು ಗೊತ್ತಾದಾಗ ನಾನು ಆವಿಯಾದ ನೀರಿನ ಜಾಗಕ್ಕೆ ಸಿಹಿನೀರಿನ ಬದಲು ಉಪ್ಪುನೀರು ತುಂಬುತ್ತಾ, ದಿನಕ್ಕೆ ಒಂದು ಪಿಪಿಟಿಗಿಂತ ಕಡಿಮೆ ಏರಿಸಿದೆ. 35 ತಲುಪಿ ಎರಡು ವಾರಕ್ಕೆ ಹವಳಗಳು ಬಿಚ್ಚಿಕೊಂಡವು.

ನಾಲ್ಕು ವರ್ಷದಲ್ಲಿ ಕಣ್ಣಿಡುವ ರಬ್ಬರ್ ಹರಿದಿದೆ. ಪ್ರತಿ ಸಲ ಆರ್‌ಓ ನೀರಲ್ಲಿ ಒರೆಸುವುದರಿಂದ ಗಾಜಿನ ಮೇಲೆ ಗೀರಿಲ್ಲ, ಗೆರೆ ಈಗಲೂ ಚೂಪಾಗಿದೆ. ಹೋದ ತಿಂಗಳು ಪರೀಕ್ಷಿಸಿದಾಗ ಅರ್ಧ ಪಿಪಿಟಿ ಮಾತ್ರ ಸರಿದಿತ್ತು. ಹಳೆಯ ಹೈಡ್ರೋಮೀಟರನ್ನು ಬಿಸಾಡಿಲ್ಲ. ಬಕೆಟ್‌ನಲ್ಲಿ ಹೊಸ ಉಪ್ಪುನೀರು ಕಲಸುವಾಗ ಅಂದಾಜಿಗೆ ಸಾಕು, ತಟ್ಟಿ ನೋಡಿದರೆ.