ಕರಾವಳಿ ಮಳೆಯಲ್ಲಿ ಹೊರಗೋಡೆ: ದುಬಾರಿ ಎಮಲ್ಷನ್ ಬಣ್ಣ ಎಲ್ಲಿ ನಿಂತಿತು, ಎಲ್ಲಿ ಎದ್ದಿತು

ನಮ್ಮ ಮನೆ ಕುಂದಾಪುರದ ಹತ್ತಿರ. ಸಮುದ್ರ ತೀರಾ ದೂರವಿಲ್ಲ. ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಬೀಳುವ ಸೀಮೆ ಇದು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಗೋಡೆ ಕೆಂಪುಕಲ್ಲಿನದು, ಮೇಲೆ ಸಿಮೆಂಟ್ ಸಾರಣೆ. 2018ರ ಡಿಸೆಂಬರ್‌ನಲ್ಲಿ ಹಳೆಯ ಸಿಮೆಂಟ್ ಪೇಂಟ್ ಬಿಟ್ಟು, ಒಂದು ದೊಡ್ಡ ಕಂಪನಿಯ ಮೇಲಿನ ದರ್ಜೆಯ ಅಕ್ರಿಲಿಕ್ ಎಕ್ಸ್‌ಟೀರಿಯರ್ ಎಮಲ್ಷನ್, ಅಂದರೆ ಹೊರಗೋಡೆಗೆಂದೇ ಇರುವ, ನೀರು ಬೆರೆಸಿ ಹೊಡೆಯುವ ಬಣ್ಣ, ಹೊಡೆಸಿದೆವು. ಕಂಪನಿಯ ಹೆಸರು ಬರೆಯುವುದಿಲ್ಲ. ದೊಡ್ಡ ಕಂಪನಿಗಳೆಲ್ಲ ಈ ದರ್ಜೆಯ ಬಣ್ಣ ಮಾರುತ್ತವೆ. ನನಗೆ ಹೇಳಬೇಕಾಗಿರುವುದು ಬಕೆಟ್‌ಗಿಂತ ಗೋಡೆಯ ಬಗ್ಗೆಯೇ ಜಾಸ್ತಿ.

ಬಣ್ಣ ಒಳ್ಳೆಯದು, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಎದುರಿನಿಂದ ಹೊಡೆಯುವ ಮಳೆಯನ್ನಷ್ಟೇ ಅದು ತಡೆಯುತ್ತದೆ. ಗೋಡೆಯ ಒಳಗಿನಿಂದ ಬರುವ ನೀರಿಗೆ ಅದರ ಹತ್ತಿರ ಉತ್ತರವಿಲ್ಲ. ನಮ್ಮ ಮನೆಯಲ್ಲಿ ಬಣ್ಣ ಕೆಟ್ಟ ಜಾಗಗಳನ್ನೆಲ್ಲ ನೋಡಿದರೆ ಬಹುತೇಕ ಇದೇ ಕಥೆ.

ಸಿಮೆಂಟ್ ಪೇಂಟ್ ಯಾಕೆ ಬಿಟ್ಟೆವು ಅಂದರೆ, ಎರಡು ಮೂರು ಮಳೆಗಾಲಕ್ಕೆ ಪಡು ಗೋಡೆ ಕಪ್ಪಾಗಿಬಿಡುತ್ತಿತ್ತು. ಅದು ಪುಡಿ, ನೀರಲ್ಲಿ ಕಲಸಿ ಹೊಡೆಯುವುದು. ಹೊಡೆಯುವ ಮೊದಲು ಗೋಡೆ ಒದ್ದೆ ಮಾಡಬೇಕು, ಆಮೇಲೆ ಎರಡು ಮೂರು ದಿನ ನೀರು ಹಾಕಬೇಕು. ಸಿಮೆಂಟ್ ಗಟ್ಟಿಯಾಗುವುದೇ ಹಾಗೆ. ಈಗ ಅಷ್ಟು ತಾಳ್ಮೆ ಯಾರಿಗಿದೆ? ಒಣಗೋಡೆಗೆ ಬಳಿದು ಹೋಗುತ್ತಾರೆ, ಮುಂದಿನ ವರ್ಷ ಕೈ ಸವರಿದರೆ ಪುಡಿ ಬರುತ್ತದೆ. ಆದರೂ ಅದರದ್ದೊಂದು ಗುಣ ಹೇಳಲೇಬೇಕು. ಗೋಡೆಯ ತೇವ ಆರಿಹೋಗಲು ಅದು ದಾರಿ ಬಿಡುತ್ತದೆ. ಕೆಟ್ಟರೂ ಗುಳ್ಳೆ ಏಳುವುದಿಲ್ಲ, ಸುಮ್ನೆ ಉದುರುತ್ತದೆ. ಎಮಲ್ಷನ್ ಗೋಡೆಯ ಮೇಲೆ ಒಂದು ತೆಳುವಾದ ಪದರ ಆಗಿ ಕೂರುತ್ತದೆ. ತೇವದ ಆವಿ ಸ್ವಲ್ಪ ಹೊರಬಂದೀತು, ಆದರೆ ನಿಂತ ನೀರು ಬರುವುದಿಲ್ಲ.

ಈಗ ದಿಕ್ಕು ದಿಕ್ಕಿನ ಲೆಕ್ಕ.

ಮೂಡು ಮತ್ತು ತೆಂಕು ಗೋಡೆಗಳು ಇವತ್ತಿಗೂ ಚೆನ್ನಾಗಿವೆ. ಮೇಲೆ ಸನ್‌ಶೇಡ್ ಇದೆ, ಬಿಸಿಲು ಬೇಗ ಬರುತ್ತದೆ, ಒದ್ದೆಯಾದರೂ ಒಣಗುತ್ತವೆ. ಇದರ ಬಗ್ಗೆ ಹೆಚ್ಚು ಹೇಳಲು ಏನೂ ಇಲ್ಲ.

ಪಡು ಗೋಡೆಗೇ ನಿಜವಾದ ಪರೀಕ್ಷೆ. ಜುಲೈನ ಗಾಳಿಮಳೆ ಅಡ್ಡಡ್ಡಲಾಗಿ ಬಂದು ಹೊಡೆಯುತ್ತದೆ. ಅಜ್ಜಿಯ ಕಾಲದಲ್ಲಿ ಈ ಬದಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು, ಎರಚಲು ಗೋಡೆಗೆ ತಾಗಬಾರದು ಅಂತ. ತಟ್ಟಿ ಇಲ್ಲದೆ ಈ ಬಣ್ಣ ಇಷ್ಟು ಮಳೆಗಾಲ ತಡೆದದ್ದು ನನಗೆ ನಿಜಕ್ಕೂ ಸಂತೋಷ. ಮೊದಲ ಮೂರು ವರ್ಷ ಹಾವಸೆಯೇ ಇರಲಿಲ್ಲ. ಆಮೇಲೆ ಸನ್‌ಶೇಡ್‌ನ ಎರಡೂ ತುದಿಯ ಕೆಳಗೆ ಕಪ್ಪು ಗೆರೆ ಇಳಿಯಲು ಶುರುವಾಯಿತು. ಹಾವಸೆ ತಡೆಯುವ ಔಷಧಿಯನ್ನು ಬಣ್ಣದಲ್ಲೇ ಸೇರಿಸಿರುತ್ತಾರೆ. ಮಳೆಗೆ ಅದು ನಿಧಾನವಾಗಿ ತೊಳೆದುಹೋಗುತ್ತದೆ. ಹಾಗಾಗಿ ನೀರು ಜಾಸ್ತಿ ಹರಿಯುವ ಕಡೆ ಅದು ಮೊದಲು ಮುಗಿಯುತ್ತದೆ.

ಆ ಗೆರೆಗಳಿಗೆ ಇನ್ನೊಂದು ಕಾರಣವೂ ಇದೆ. ಸನ್‌ಶೇಡ್‌ನ ಅಡಿಭಾಗದಲ್ಲಿ, ಅಂಚಿನಿಂದ ಸ್ವಲ್ಪ ಒಳಗೆ, ಉದ್ದಕ್ಕೂ ಒಂದು ಗಾಡಿ, ಅಂದರೆ ಸಣ್ಣ ತೋಡು, ಕೊರೆದಿರಬೇಕು. ಆಗ ನೀರು ಅಲ್ಲೇ ತುಂಡಾಗಿ ಕೆಳಗೆ ಬೀಳುತ್ತದೆ. ಗಾಡಿ ಇಲ್ಲದಿದ್ದರೆ ಅಡಿಯಲ್ಲೇ ಹರಿದು ಗೋಡೆಗೆ ಬರುತ್ತದೆ. ನಮ್ಮ ಮನೆಯ ಎರಡು ಸನ್‌ಶೇಡ್‌ಗೆ ಗಾಡಿ ಇದೆ, ಉಳಿದವಕ್ಕೆ ಇಲ್ಲ. ಒಂದೇ ಗೋಡೆ, ಒಂದೇ ಬಣ್ಣ. ಗಾಡಿ ಇರುವ ಕಿಟಕಿಯ ಕೆಳಗೆ ಗೋಡೆ ಶುಭ್ರ, ಇಲ್ಲದ ಕಿಟಕಿಯ ಕೆಳಗೆ ಕಪ್ಪು. ಬಣ್ಣದಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ಬಣ್ಣ ಪೂರ್ತಿ ಸೋತದ್ದು ಹಿಂಬದಿಯಲ್ಲಿ, ನೀರಿನ ಟ್ಯಾಂಕ್‌ನ ಕೆಳಗಿನ ಗೋಡೆಯಲ್ಲಿ. ಅಲ್ಲಿ ನಾಲ್ಕನೇ ಮಳೆಗಾಲಕ್ಕೆ ಅಂಗೈ ಅಗಲದ ಗುಳ್ಳೆಗಳು ಎದ್ದವು. ಒಂದನ್ನು ಉಗುರಿನಿಂದ ಚುಚ್ಚಿದೆ. ನೀರು ಒಸರಿತು. ಹಿಡಿದು ಎಳೆದರೆ ಬಣ್ಣ ರಬ್ಬರಿನಂತೆ ಹಿಗ್ಗಿಕೊಂಡು ಉದ್ದಕ್ಕೆ ಸುಲಿದುಬಂತು. ಹರಿಯಲಿಲ್ಲ. ತಿರುಗಿಸಿ ನೋಡಿದರೆ ಹಿಂಬದಿ ತುಂಬ ಬಿಳಿ ಪುಡಿ. ಈಗ ನಮ್ಮ ಮನೆಗೆ ಬರುವ ಪೇಂಟರ್ ಅದನ್ನು ಬೆರಳಲ್ಲಿ ಉಜ್ಜಿ ನೋಡಿ, "ಅಕ್ಕ, ಇದು ಹೊಸ ಬಣ್ಣ ಹೋದದ್ದಲ್ಲ, ಹಳೇ ಸಿಮೆಂಟ್ ಪೇಂಟ್ ಬಿಟ್ಟದ್ದು" ಅಂದರು.

ಅವರ ಮಾತು ಸರಿ. 2018ರಲ್ಲಿ ಕೆಲಸ ವಹಿಸಿಕೊಂಡಿದ್ದ ಗುತ್ತಿಗೆದಾರರು ಎದುರಿನ ಮೂರು ಗೋಡೆಗಳನ್ನು ತಂತಿ ಬ್ರಷ್ ಹಾಕಿ ಚೆನ್ನಾಗಿ ಉಜ್ಜಿಸಿದ್ದರು. ಹಿಂಬದಿ ಯಾರಿಗೂ ಕಾಣುವುದಿಲ್ಲ ಅಂತ ಸುಮ್ನೆ ನೀರು ಹಾಕಿ ತೊಳೆದು, ಬಣ್ಣದ ಅಡಿಗೆ ಹಾಕುವ ಪ್ರೈಮರ್ ಬಳಿಸಿದ್ದರು. ಕೇಳಿದರೆ "ಪ್ರೈಮರ್ ಹಿಡಿದುಕೊಳ್ಳುತ್ತದೆ" ಅಂದಿದ್ದರು. ಪುಡಿಯ ಮೇಲೆ ಬಳಿದ ಪ್ರೈಮರ್ ಪುಡಿಯನ್ನೇ ಹಿಡಿದುಕೊಳ್ಳುತ್ತದೆ, ಗೋಡೆಯನ್ನಲ್ಲ. ಅದರ ಜೊತೆಗೆ ತಾರಸಿಯ ಅಂಚಿನ ಗಿಡ್ಡ ಗೋಡೆ, ಅಂದರೆ ಪ್ಯಾರಾಪೆಟ್‌ನ ನೆತ್ತಿಯಲ್ಲಿ ಬಿರುಕು ಇತ್ತು. ಕೆಂಪುಕಲ್ಲು ನೀರು ಹೀರುವ ಕಲ್ಲು. ಮೇಲಿನಿಂದ ಇಳಿದ ನೀರು ಗೋಡೆಯೊಳಗೆ ಕುಳಿತು, ಬಿಸಿಲು ಬಂದಾಗ ಹೊರಗೆ ಬರಲು ನೋಡಿ, ಬಣ್ಣವನ್ನು ಹಿಂದಿನಿಂದ ಎಬ್ಬಿಸಿತು.

ವಾರಂಟಿ ಇರಲಿಲ್ವಾ ಅಂತ ಕೇಳಬಹುದು. ಇತ್ತು. ಕಾಗದ ಓದಿದರೆ ಗೊತ್ತಾಗುತ್ತದೆ: ಒಳಗಿನಿಂದ ಬರುವ ತೇವ, ಗೋಡೆಯ ಬಿರುಕು, ಸರಿಯಾಗಿ ತಯಾರಿ ಮಾಡದ ಗೋಡೆ ಯಾವುದೂ ಅದರಲ್ಲಿ ಸೇರುವುದಿಲ್ಲ. ಬಣ್ಣ ಏಳುವುದು ಸಾಮಾನ್ಯವಾಗಿ ಈ ಮೂರರಿಂದಲೇ, ಅಲ್ವಾ? ಹಾಗಾಗಿ ವಾರಂಟಿಯ ವರ್ಷ ಎಣಿಸಿ ಬಣ್ಣ ಆರಿಸಬೇಡಿ.

ನೆಲದ ಹತ್ತಿರದ ಒಂದೂವರೆ ಎರಡು ಅಡಿಗೆ ಎಷ್ಟು ದುಬಾರಿ ಬಣ್ಣ ಹೊಡೆದರೂ ಕೆಂಪುಮಣ್ಣಿನ ಎರಚಲು ಕೂತೇ ಕೂರುತ್ತದೆ. ಅಲ್ಲಿ ಗಾಢ ಕಂದು ಪಟ್ಟಿ ಹೊಡೆಸಿದ್ದೇವೆ, ಗೋಡೆಯ ಬುಡದುದ್ದಕ್ಕೂ ಜಲ್ಲಿ ಹಾಸಿದ್ದೇವೆ. ಜಲ್ಲಿಯಿಂದ ಮಣ್ಣು ಸಿಡಿಯುವುದು ತುಂಬ ಕಡಿಮೆಯಾಯಿತು.

ಬಣ್ಣ ಮಾಸುವ ವಿಷಯ. ಮನೆಗೆ ತಿಳಿ ಕೆನೆ ಬಣ್ಣ, ಎದುರಿನ ಕಂಬಗಳಿಗೆ ತಂಗಿಯ ಆಸೆಯಂತೆ ಕಡು ನೇರಳೆ. ಕೆನೆ ಬಣ್ಣ ಹೆಚ್ಚುಕಡಿಮೆ ಹಾಗೆಯೇ ಇದೆ. ನೇರಳೆ ಎರಡೇ ಬೇಸಿಗೆಗೆ ಬಿಳಿಚಿಕೊಂಡಿತು. ಕೆನೆ, ಕಾವಿ, ಇಟ್ಟಿಗೆ ಬಣ್ಣಗಳಿಗೆ ಹಾಕುವುದು ಕಬ್ಬಿಣದ ಆಕ್ಸೈಡ್, ಬಿಸಿಲಿಗೆ ಅದು ಜಗ್ಗುವುದಿಲ್ಲ. ಕಣ್ಣಿಗೆ ಹೊಡೆಯುವ ನೇರಳೆ, ಗುಲಾಬಿ, ನಿಂಬೆ ಹಳದಿಗೆ ಬಳಸುವ ಬಣ್ಣದ ಪುಡಿಗಳು ಹೊರಗಿನ ಬಿಸಿಲಲ್ಲಿ ಅಷ್ಟು ಬಾಳುವುದಿಲ್ಲ. ಅಂಗಡಿಯಲ್ಲಿ ಕೇಳಿ, ಹೊರಗೋಡೆಗೆ ಆಗುವ ಶೇಡ್ ಯಾವುದು ಅಂತ ತೋರಿಸುತ್ತಾರೆ.

ಬಣ್ಣ ಹೊಡೆಸುವವರು ಒಂದು ಲೆಕ್ಕ ಇಟ್ಟುಕೊಳ್ಳಿ. ಈ ದರ್ಜೆಯ ಎಮಲ್ಷನ್ ಹೊರಗೋಡೆಯಲ್ಲಿ ಎರಡು ಕೋಟ್ ಹೊಡೆದರೆ ಲೀಟರಿಗೆ ಸುಮಾರು 50ರಿಂದ 60 ಚದರ ಅಡಿ ಬರುತ್ತದೆ. ಅಂದರೆ 20 ಲೀಟರ್ ಬಕೆಟ್‌ಗೆ 1000ದಿಂದ 1200 ಚದರ ಅಡಿ. ಈ ಲೆಕ್ಕದ ಅರ್ಧ ಬಣ್ಣದಲ್ಲೇ ಕೆಲಸ ಮುಗಿಯಿತು ಅಂದರೆ ಬಣ್ಣಕ್ಕೆ ನೀರು ಜಾಸ್ತಿ ಬಿದ್ದಿದೆ ಅಂತಲೇ ತಿಳಿಯಿರಿ. ಹೊಸ ಸಾರಣೆಯಾದರೆ ಕಡಿಮೆಯೆಂದರೂ 28 ದಿನ ಬಿಡಿ, ಸಿಮೆಂಟ್‌ನ ಕ್ಷಾರ ಇಳಿಯಬೇಕು. ಹೊರಗೋಡೆಗೆ ಪುಟ್ಟಿ ಹಾಕಲೇಬೇಕಿದ್ದರೆ ಬಿಳಿ ಸಿಮೆಂಟ್‌ನದ್ದೇ ಆಗಲಿ. ಒಳಗೋಡೆಯ ಅಕ್ರಿಲಿಕ್ ಪುಟ್ಟಿ ಮಳೆಗೆ ಮೆತ್ತಗಾಗುತ್ತದೆ. ನಮ್ಮ ಕಡೆ ನಾನಾದರೆ ಹೊರಗೆ ಪುಟ್ಟಿಯೇ ಬೇಡ ಅನ್ನುತ್ತೇನೆ, ಬಿರುಕು ತುಂಬಿಸಿದರೆ ಸಾಕು.

ನೋಡಿಕೊಳ್ಳುವುದು ದೊಡ್ಡ ಕೆಲಸವೇನಲ್ಲ. ಮಳೆಗಾಲ ಮುಗಿದು ಗೋಡೆ ಒಣಗಿದ ಮೇಲೆ, ನವೆಂಬರ್ ಹೊತ್ತಿಗೆ, ಹಾವಸೆ ಇರುವ ಕಡೆ ಬ್ಲೀಚಿಂಗ್ ಪೌಡರ್ ಕದಡಿದ ತಿಳಿನೀರು ಹಚ್ಚುತ್ತೇವೆ. ಅರ್ಧ ಗಂಟೆ ಬಿಟ್ಟು ಮೆತ್ತನೆ ಬ್ರಷ್‌ನಲ್ಲಿ ಉಜ್ಜಿ, ಬೇಕಾದಷ್ಟು ಶುದ್ಧ ನೀರಲ್ಲಿ ತೊಳೆಯುವುದು. ಕೈಗೆ ಗ್ಲೌಸ್ ಬೇಕು. ಬುಡದಲ್ಲಿ ಗಿಡ ಇದ್ದರೆ ಮೊದಲೇ ಅದಕ್ಕೆ ನೀರು ಹನಿಸಿ ಶೀಟ್ ಮುಚ್ಚಿ. ಆ್ಯಸಿಡ್ ಹಾಕಿ ತೊಳೆಯುತ್ತೇನೆ ಅನ್ನುವವರನ್ನು ಗೋಡೆಯ ಹತ್ತಿರ ಬಿಡಬೇಡಿ, ಅದು ಸಾರಣೆಯನ್ನೇ ತಿನ್ನುತ್ತದೆ. ಬ್ಲೀಚಿಂಗ್ ಜೊತೆ ಸೇರಿದರಂತೂ ವಿಷಗಾಳಿ ಏಳುತ್ತದೆ. ಕಿಟಕಿಯ ಸರಳಿಗೂ ಅದೇ ಹೊತ್ತಿಗೆ ಒಂದು ಕೈ ಪೇಂಟ್ ಆಗಬೇಕು. ಉಪ್ಪುಗಾಳಿಗೆ ತುಕ್ಕು ಬೇಗ, ಆ ತುಕ್ಕಿನ ನೀರು ಗೋಡೆಗೆ ಇಳಿದರೆ ಕಲೆ ಹೋಗುವುದೇ ಇಲ್ಲ.

ಕಂಪೌಂಡ್ ಗೋಡೆಗೆ ಈ ದುಬಾರಿ ಬಣ್ಣ ದಂಡ ಅಂತ ನನ್ನ ಅಭಿಪ್ರಾಯ. ಮೇಲಿನಿಂದ ಮಳೆ, ಬುಡದಿಂದ ಮಣ್ಣಿನ ತೇವ, ಎರಡೂ ಬದಿಯಿಂದ ಎರಚಲು. ತೋಟದ ಬದಿಯ ಸಾರಣೆ ಸಡಿಲವಾಗಿದ್ದ ಕಡೆ ಕಿತ್ತು ಕೆಂಪುಕಲ್ಲನ್ನು ಹಾಗೇ ಬಿಟ್ಟೆವು, ನೆತ್ತಿಗೆ ಮಾತ್ರ ಸಿಮೆಂಟಿನ ಇಳಿಜಾರು ಕೊಟ್ಟೆವು. ನೋಡಲೂ ಚಂದ.

ಮುಂದಿನ ಬೇಸಿಗೆಯಲ್ಲಿ ಹಿಂಬದಿಯ ಗೋಡೆ ಮಾತ್ರ ಪೂರ್ತಿ ಕೆರೆಸಿ ಮತ್ತೆ ಅದೇ ಬಣ್ಣ ಹೊಡೆಸುತ್ತೇವೆ. ಮೊದಲು ಪ್ಯಾರಾಪೆಟ್‌ನ ಬಿರುಕು ತುಂಬಿಸಿ, ನೀರು ತಾರಸಿಯ ಕಡೆಗೇ ಇಳಿಯುವಂತೆ ನೆತ್ತಿಯನ್ನು ಒಳಕ್ಕೆ ಓರೆ ಮಾಡಿಸಬೇಕು. ಆಮೇಲೆ ಗೋಡೆ ಒಣಗಲು ಬಿಡಬೇಕು. ಶೇಡ್ ನಂಬರ್ ಹಳೆಯ ಬಿಲ್‌ನಲ್ಲಿದೆ. ಆದರೂ ಹೊಸ ಬಣ್ಣವನ್ನು ತೇಪೆಯಂತೆ ಅಲ್ಲಲ್ಲಿ ಹಚ್ಚಿದರೆ ಎದ್ದು ಕಾಣುತ್ತದೆ. ಹಾಗಾಗಿ ಮೂಲೆಯಿಂದ ಮೂಲೆಗೆ ಇಡೀ ಗೋಡೆಗೆ ಹೊಡೆಯಲು ಪೇಂಟರ್‌ಗೆ ಈಗಲೇ ಹೇಳಿಟ್ಟಿದ್ದೇನೆ.