ಮಾಂಸದ ಫಾಂಡ್ಯೂ: ಎಣ್ಣೆಯಲ್ಲೋ, ಸಾರಿನಲ್ಲೋ?

ಕ್ರಿಸ್‌ಮಸ್, ಹೊಸ ವರ್ಷ ಬಂತೆಂದರೆ ಸ್ವಿಟ್ಜರ್ಲೆಂಡಿನ ಎಷ್ಟೋ ಮನೆಗಳಲ್ಲಿ ಮಾಂಸದ ಫಾಂಡ್ಯೂ. ಮೇಜಿನ ನಡುವೆ ಒಲೆ, ಎಲ್ಲರ ಕೈಯಲ್ಲೂ ಉದ್ದನೆಯ ಫೋರ್ಕು, ಅವರವರ ತುಂಡು ಅವರೇ ಬೇಯಿಸಿಕೊಳ್ಳುವುದು. ಕಾದ ಎಣ್ಣೆಯಲ್ಲಿ ಕರಿಯುವ ಬೂರ್ಗಿನ್ಯೋನ್ ಮಾಡಲೋ, ಕುದಿಯುವ ತಿಳಿ ಸಾರಿನಲ್ಲಿ ಬೇಯಿಸುವ ಶಿನ್ವಾಜ್ ಮಾಡಲೋ ಎಂದು ಕೇಳಿದ್ದೀರಿ.

ರುಚಿ ನೋಡಿದರೆ ನನ್ನ ಒಲವು ಬೂರ್ಗಿನ್ಯೋನ್ ಕಡೆಗೆ. ದನದ ಮಾಂಸದ ಚೌಕ ತುಂಡನ್ನು ಸುಮಾರು 180 ಡಿಗ್ರಿ ಕಾದ ಎಣ್ಣೆಗೆ ಇಳಿಸಿದರೆ ಹೊರಗೆ ಕಂದು ಗರಿಗರಿ, ಒಳಗೆ ರಸ. ಆದರೆ ಮೆತ್ತನೆಯ ಭಾಗವೇ ಬೇಕು, ಹಾಗಾಗಿ ಖರ್ಚು ಜಾಸ್ತಿ. ಶಿನ್ವಾಜ್‌ಗೆ ತೆಳ್ಳಗೆ ಕತ್ತರಿಸಿ ಸುರುಳಿ ಸುತ್ತಿದ ಮಾಂಸ. ಹಂದಿ, ಕೋಳಿಯೂ ನಡೆಯುತ್ತದೆ. ಎರಡಕ್ಕೂ ತಲೆಗೆ 200–250 ಗ್ರಾಂ ಸಾಕು.

ಮಕ್ಕಳಿರುವ ಮೇಜಿನ ಮೇಲೆ ಕಾದ ಎಣ್ಣೆ ಇಡಲೇಬೇಡಿ. ದೊಡ್ಡವರೇ ಇದ್ದರೂ ಚೀಸ್ ಫಾಂಡ್ಯೂವಿನ ಮಣ್ಣಿನ ಪಾತ್ರೆ ಎಣ್ಣೆಗೆ ಬೇಡ, ಬಿರುಕು ಬಿಟ್ಟೀತು. ಲೋಹದ ಪಾತ್ರೆಗೆ ಅರ್ಧದಷ್ಟು ಮಾತ್ರ ಎಣ್ಣೆ ಹಾಕಿ, ಮಾಂಸದ ನೀರಿನಂಶ ಒರೆಸಿ, ಒದ್ದೆಯಿದ್ದರೆ ಸಿಡಿಯುತ್ತದೆ. ಸಾರಿನಲ್ಲಿ ಈ ಭಯ ಕಡಿಮೆ, ಆದರೆ ಅದು ಕುದಿಯುತ್ತಲೇ ಇರಬೇಕು, ಕೋಳಿ ಪೂರ್ತಿ ಬೇಯಬೇಕು. ಹಸಿ ಮಾಂಸಕ್ಕೂ ಬೆಂದದ್ದಕ್ಕೂ ಬೇರೆ ಬೇರೆ ತಟ್ಟೆ, ಇದು ಎರಡಕ್ಕೂ ಕಡ್ಡಾಯ.

ಊಟ ಮುಗಿಯುವಷ್ಟರಲ್ಲಿ ಮಾಂಸದ ಸತ್ವವೆಲ್ಲ ಸಾರಿಗೆ ಇಳಿದಿರುತ್ತದೆ. ಅದನ್ನು ಚೆಲ್ಲಬೇಡಿ, ಮತ್ತೊಮ್ಮೆ ಚೆನ್ನಾಗಿ ಕುದಿಸಿ, ನೂಡಲ್ಸ್ ಹಾಕಿ ಬಟ್ಟಲಲ್ಲಿ ಕುಡಿಯಿರಿ. ಎಣ್ಣೆಯಾದರೆ ಆರಿಸಿ ಎಸೆಯುವ ಕೆಲಸ, ಮನೆಯೆಲ್ಲ ಕರಿದ ವಾಸನೆ.

ಮೂರ್ನಾಲ್ಕು ಜನ ಮಾಂಸಪ್ರಿಯ ದೊಡ್ಡವರು ಸೇರಿದರೆ ಬೂರ್ಗಿನ್ಯೋನ್ ಇಡಿ. ಮಕ್ಕಳು, ಅಜ್ಜ-ಅಜ್ಜಿ, ಚಿಕ್ಕ ಫ್ಲಾಟು ಅಂದರೆ ಶಿನ್ವಾಜ್.